ಇನ್‌ಲೈನ್ ಕಿತ್ತೆ, 64 ಕೆಬಿಯಲ್ಲೇ ಕರ್ನೆಲ್ ಹಿಡಿಸಿತು

ಶಿರಸಿ ಸುತ್ತಿನ ಅಡಿಕೆ ತೋಟಗಳಿಗೆ ನಾನು ಮಾಡಿಕೊಡುವ ಹನಿ ನೀರಾವರಿ ಕಂಟ್ರೋಲರಿನಲ್ಲಿ ಇರುವುದು ಎಸ್‌ಟಿಎಂ32ಎಫ್103 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್. ಪ್ರೋಗ್ರಾಂ ಕೂರಿಸಲು 64 ಕೆಬಿ ಫ್ಲಾಶ್, 20 ಕೆಬಿ ರ‍್ಯಾಮ್. ಅದರ ಮೇಲೆ ದುಡ್ಡು ಕೊಟ್ಟು ಬರೆಸಿದ ಪುಟ್ಟ ಕರ್ನೆಲ್, ಅಂದರೆ ಉಳಿದ ಕೆಲಸಗಳನ್ನೆಲ್ಲ ಸರದಿಯಲ್ಲಿ ಓಡಿಸುವ ತಳದ ಪ್ರೋಗ್ರಾಂ. ಈಗ ಅರ್ಧಕ್ಕಿಂತ ಹೆಚ್ಚು ನನ್ನದೇ ಆಗಿಹೋಗಿದೆ. 2021ರಲ್ಲಿ ಜಿಎಸ್‌ಎಂ ಮೆಸೇಜಿನ ಭಾಗ ಸೇರಿಸಿದ್ದೇ ತಡ, ಫ್ಲಾಶ್ ಓವರ್‌ಫ್ಲೋ ಎಂದು ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್ ಹಟ ಹಿಡಿಯಿತು. ಮೂರು ಕೆಬಿ ಚಿಲ್ಲರೆ ಹೆಚ್ಚು. 128 ಕೆಬಿಯ ಚಿಪ್ ಅದೇ ಜಾಗಕ್ಕೆ ಕೂರುತ್ತದೆ ನಿಜ, ಆದರೆ ಅದು ಚಿಪ್ ಬರಗಾಲದ ವರ್ಷ. ನೂರಿನ್ನೂರಕ್ಕೆ ಸಿಗುತ್ತಿದ್ದ ಮಾಲಿಗೆ ಏಳೆಂಟು ನೂರು, ಅದೂ ಮುಂಗಡ. ಐವತ್ತು ಬೋರ್ಡಿಗೆ ಲೆಕ್ಕ ಹಾಕಿ ಆಸೆ ಬಿಟ್ಟೆ.

ಕೋಡ್ ಬರೆದುಕೊಟ್ಟವರು ಕಂಡಕಂಡಲ್ಲಿ ‘ಆಲ್ವೇಸ್ ಇನ್‌ಲೈನ್’ ಹಚ್ಚಿದ್ದರು. ಇನ್‌ಲೈನ್ ಅಂದರೆ ಫಂಕ್ಷನ್ನನ್ನು ಕರೆದು ಬರುವ ಬದಲು ಅದರ ಕೋಡನ್ನೇ ಕರೆದ ಜಾಗದಲ್ಲಿ ನಕಲಿಸುವುದು. ಬರೀ ಇನ್‌ಲೈನ್ ಆದರೆ ಕಂಪೈಲರಿಗೆ ಅದು ಸೂಚನೆ ಮಾತ್ರ, ಇದು ಹುಕುಂ. ಕ್ಯೂಗೆ ಹಾಕುವ ಫಂಕ್ಷನ್ ಮೂವತ್ತು ಸಾಲು, ಕರೆಯುವುದು ಇಪ್ಪತ್ತಕ್ಕೂ ಹೆಚ್ಚು ಕಡೆ, ಪ್ರತಿಯೊಂದು ನಕಲೂ ನೂರೈವತ್ತು ಬೈಟ್ ಆಸುಪಾಸು. ಫಂಕ್ಷನ್‌ಗಳ ಸೈಜ್ ತೋರಿಸುವ ಎನ್‌ಎಂ ಪಟ್ಟಿಯಲ್ಲಿ ಇದರ ಹೆಸರೇ ಬರುವುದಿಲ್ಲ, ಕರೆದವರ ಲೆಕ್ಕಕ್ಕೆ ಸೇರಿರುತ್ತದೆ. ಮಷಿನ್ ಕೋಡ್ ಬಿಡಿಸಿ ತೋರಿಸುವ ಆಬ್ಜ್‌ಡಂಪ್ ಸಾಲು ಸಾಲು ಓದಿದಾಗಲೇ ಕಳ್ಳ ಸಿಕ್ಕಿದ್ದು.

ಇನ್‌ಲೈನ್ ಕೀಳುತ್ತೇನೆ ಎಂದಾಗ ಬೆಂಗಳೂರಲ್ಲಿ ಇದೇ ಕೆಲಸ ಮಾಡುವ ಭಾವ ಫೋನಿನಲ್ಲಿ ನಕ್ಕ. ‘ಇಂಟರಪ್ಟ್ ಒಳಗೆ ಫಂಕ್ಷನ್ ಕಾಲ್ ಮಾಡಿರೆ ಪಲ್ಸ್ ತಪ್ಪಿ ಹೋಗ್ತು ಮಾರಾಯಾ.’ ಇಂಟರಪ್ಟ್ ಅಂದರೆ ಪಲ್ಸ್ ಬಂದೊಡನೆ ಇದ್ದ ಕೆಲಸ ನಿಲ್ಲಿಸಿ ಓಡುವ ಕೋಡ್. ನಮ್ಮ ಅರ್ಧ ಇಂಚಿನ ಫ್ಲೋ ಸೆನ್ಸರ್ ಲೀಟರಿಗೆ 450 ಪಲ್ಸ್. ನಿಮಿಷಕ್ಕೆ 30 ಲೀಟರ್ ಹರಿದರೂ ಸೆಕೆಂಡಿಗೆ 225. 72 ಮೆಗಾಹರ್ಟ್ಸ್‌ನಲ್ಲಿ ಎರಡು ಪಲ್ಸ್ ನಡುವೆ 3.2 ಲಕ್ಷ ಸೈಕಲ್ ಖಾಲಿ ಬಿದ್ದಿರುತ್ತದೆ. ಕಾಲ್ ಮಾಡಿ ಬರಲು ಹತ್ತಿಪ್ಪತ್ತು ಸೈಕಲ್. ಚಿಪ್ಪಿನೊಳಗೇ ಸೈಕಲ್ ಎಣಿಸುವ ಡಿಡಬ್ಲ್ಯುಟಿ ಕೌಂಟರಿನಲ್ಲಿ ಅಳೆದು ಸ್ಕ್ರೀನ್‌ಶಾಟ್ ಕಳಿಸಿದೆ, ಉತ್ತರ ಬರಲಿಲ್ಲ.

ಹಾಗಂತ ಎಲ್ಲವನ್ನೂ ಕೀಳಲಿಲ್ಲ. ಇಂಟರಪ್ಟ್ ಮುಚ್ಚಿ ತೆರೆಯುವುದು ಒಂದೆರಡು ಇನ್‌ಸ್ಟ್ರಕ್ಷನ್, ಅದಕ್ಕೆ ಕಾಲ್ ದಂಡ. ಪಿನ್ ಏರಿಸುವ ಫಂಕ್ಷನ್ ಇನ್ನೂ ಮಜಾ: ಪೋರ್ಟ್, ಪಿನ್ ನಂಬರ್ ಎರಡೂ ಕಂಪೈಲ್ ಹೊತ್ತಿಗೇ ಗೊತ್ತಿದ್ದರೆ ಒಳಗಿನ ಇಫ್‌ಗಳೆಲ್ಲ ಕರಗಿ ಕೊನೆಗೆ ಉಳಿಯುವುದು ಪಿನ್ ಏರಿಸಿ ಇಳಿಸುವ ಬಿಎಸ್‌ಆರ್‌ಆರ್ ರಿಜಿಸ್ಟರಿಗೆ ಒಂದು ಸ್ಟೋರ್. ಅಲ್ಲಿ ಇನ್‌ಲೈನ್ ಹಾಕಿದ್ದಕ್ಕೇ ಸೈಜ್ ಇಳಿಯಿತು. ಲಿನಕ್ಸ್ ಕರ್ನೆಲ್‌ನ ಕೋಡಿಂಗ್ ಸ್ಟೈಲ್ ಕೂಡ ಮೂರು ಸಾಲು ಮೀರಿದ್ದಕ್ಕೆ ಇನ್‌ಲೈನ್ ಬೇಡ ಅನ್ನುತ್ತದೆ, ಇಂಥ ಕಾನ್‌ಸ್ಟಂಟ್ ಪ್ರಕರಣ ಬಿಟ್ಟು. ನಾನು ಸಾಲು ಎಣಿಸುವುದಿಲ್ಲ, ಬೈಟ್ ಎಣಿಸುತ್ತೇನೆ.

ನಿದ್ದೆ ಕೆಡಿಸಿದ್ದು ಸ್ಟ್ಯಾಕ್, ಫಂಕ್ಷನ್‌ಗಳು ತಾತ್ಕಾಲಿಕ ಡೇಟಾ ಇಡುವ ಜಾಗ. ಮೆಸೇಜ್ ಜೋಡಿಸುವ ಸ್ಟ್ಯಾಟಿಕ್ ಫಂಕ್ಷನ್, ಒಳಗೆ 256 ಬೈಟ್ ಬಫರ್. ಕರೆಯುವುದು ಒಂದೇ ಕಡೆ, ಹಾಗಾಗಿ ಕಂಪೈಲರ್ ಯಾರೂ ಹೇಳದೆಯೇ ಇನ್‌ಲೈನ್ ಮಾಡಿತು. ಬಫರ್ ಟಾಸ್ಕಿನ ಮುಖ್ಯ ಲೂಪಿನ ಫ್ರೇಮಿಗೇ, ಅಂದರೆ ಸ್ಟ್ಯಾಕಿನಲ್ಲಿ ಅದರ ಪಾಲಿಗೇ, ಅಂಟಿಕೊಂಡಿತು. ಟಾಸ್ಕ್ ಸ್ಟ್ಯಾಕ್ ಇರುವುದೇ 512 ಬೈಟ್. ಮಾಡೆಮ್ ಕಡೆಯ ಆಳದ ಕಾಲ್ ಬಂದಾಗ ಸ್ಟ್ಯಾಕ್ ತುಂಬಿ ಹಾರ್ಡ್ ಫಾಲ್ಟ್, ಪ್ರೋಗ್ರಾಂ ಅಲ್ಲೇ ಸ್ತಬ್ಧ. ತೋಟದವರು ‘ವಾಲ್ವ್ ಅರ್ಧಕ್ಕೇ ನಿಂತಿದ್ದು’ ಅಂತ ಫೋನ್ ಮಾಡುವುದು, ನಾನು ಮಳೆಯಲ್ಲಿ ಬೈಕ್ ಹತ್ತುವುದು; ಪೆಟ್ರೋಲಿಗೇ ನಾಲ್ಕೈದು ಸಾವಿರ ಹೋಗಿರಬೇಕು. ಕಂಪೈಲರಿನಿಂದ ಸ್ಟ್ಯಾಕ್ ಯೂಸೇಜ್ ಫೈಲ್ ತೆಗೆದಾಗ ಬಯಲಾಯಿತು. ‘ನೋಇನ್‌ಲೈನ್’ ಒಂದು ಪದ, ಮುಗಿಯಿತು.

ನಡುವೆ ಒಂದು ಚಪಲ: ಶೆಡ್ಯೂಲರನ್ನು ರ‍್ಯಾಮಿನಿಂದ ಓಡಿಸಿ ನೋಡಿದೆ, ಫ್ಲಾಶಿನಿಂದ ಓದುವಾಗ ಕಾಯುವ ಸೈಕಲ್, ಅಂದರೆ ವೇಟ್ ಸ್ಟೇಟ್, ತಪ್ಪಲಿ ಎಂದು. ಅಲ್ಲೂ ನೋಇನ್‌ಲೈನ್ ಬೇಕು, ಇಲ್ಲವಾದರೆ ಕೋಡ್ ಕರೆದವನ ಜೊತೆ ಫ್ಲಾಶಿಗೇ ವಾಪಸ್. ಇಷ್ಟೆಲ್ಲ ಮಾಡಿ ಲಾಭ ಸೊನ್ನೆ. ಈ ಚಿಪ್ಪಿನಲ್ಲಿ ರ‍್ಯಾಮಿನ ಕೋಡೂ ಡೇಟಾವೂ ಒಂದೇ ಬಸ್ಸಿಗೆ ಜಗಳ.

ಕೊನೆಗೆ ನಿಂತದ್ದು 57 ಕೆಬಿ ಹತ್ತಿರ. ಅದರಲ್ಲಿ ಒಂದೂವರೆ ಕೆಬಿ ಲಿಂಕರ್ ಸ್ಕ್ರಿಪ್ಟಿನ ಒಂದು ಕೈಚಳಕದಿಂದ ಬಂದದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದರ ಮೇಲೆ ಇನ್ನೂ ಹೊಟ್ಟೆಪಾಡಿದೆ. ಉಳಿದ ಜಾಗಕ್ಕೆ ಹೊಸ ಕೋಡ್ ತುಂಬಿಕೊಳ್ಳುವ ಬೂಟ್‌ಲೋಡರ್ ತುರುಕಿದ್ದೇನೆ, ಬೋರ್ಡ್ ಬಿಚ್ಚದೆ ತೋಟದಲ್ಲೇ ಅಪ್‌ಡೇಟ್ ಆಗುತ್ತದೆ.