ಹಬ್ಬದ ರಂಗೋಲಿಗೆ ನೆಲ, ಪುಡಿ ಮತ್ತು ಚುಕ್ಕಿ

ಹೊಸೂರು ಸೀಮೆಯ ನಮ್ಮ ಬೀದಿಯಲ್ಲಿ ನಾವು ರಂಗೋಲಿ ಎನ್ನುವುದನ್ನು ಎದುರು ಮನೆಯವರು ಮುಗ್ಗು ಎನ್ನುತ್ತಾರೆ, ಪಕ್ಕದ ಮನೆಯವರು ಕೋಲಂ ಎನ್ನುತ್ತಾರೆ. ಧನುರ್ಮಾಸ ಬಂದಿತೆಂದರೆ ಮೂರು ಮನೆಯವರೂ ಒಂದೇ ಹೊತ್ತಿಗೆ ಎದ್ದು ಬಾಗಿಲಿಗೆ ನೀರು ಹಾಕುತ್ತೇವೆ. ಹೊಸದಾಗಿ ಕಲಿಯುವ ಹೆಣ್ಣುಮಕ್ಕಳು ಯಾವ ಚಿತ್ರ ಬಿಡಿಸಬೇಕೆಂದು ಯೋಚಿಸುವ ಹೊತ್ತಿನಲ್ಲಿ ಅರ್ಧವನ್ನಾದರೂ ನೆಲಕ್ಕೂ ಪುಡಿಗೂ ಮೀಸಲಿಟ್ಟರೆ ಅವರ ಕೈ ಬೇಗ ಪಳಗುತ್ತದೆ ಎಂಬುದು ನಲವತ್ತು ವರ್ಷ ಈ ಕೆಲಸ ಮಾಡಿದ ನನ್ನ ಅನುಭವ.

ಸಗಣಿ ಸಾರಿಸಿದ ಅಂಗಳ ಪುಡಿಯನ್ನು ತಾನಾಗಿ ಹಿಡಿದುಕೊಳ್ಳುತ್ತದೆ. ಸಿಮೆಂಟಿನ ನೆಲಕ್ಕೆ ನೀರು ಚಿಮುಕಿಸಿ ಗುಡಿಸಿದ ಮೇಲೆ ಮಿನುಗು ಆರುವವರೆಗೆ ಕಾಯಬೇಕು. ನೀರು ನಿಂತಿರುವಾಗಲೇ ಎಳೆ ಹಾಕಿದರೆ ಪುಡಿ ನೆನೆದು ಬೂದುಬಣ್ಣಕ್ಕೆ ತಿರುಗಿ ಅಂಚು ಹರಡಿಕೊಳ್ಳುತ್ತದೆ. ನುಣುಪಾದ ಟೈಲ್ಸ್ ಮೇಲೆ ಒದ್ದೆ ಬಟ್ಟೆಯನ್ನು ಒಮ್ಮೆ ಎಳೆದು, ತೇವ ಇನ್ನೂ ಇರುವಾಗಲೇ ಬಿಡಿಸುವುದು ಒಳ್ಳೆಯದು.

ಅಂಗಡಿಯಿಂದ ತಂದ ಕಲ್ಲಿನ ಪುಡಿಯನ್ನು ಹಾಗೆಯೇ ಬಳಸುವುದು ನನಗೆ ಒಗ್ಗದು. ಒಮ್ಮೆ ಜರಡಿ ಹಿಡಿದು ಹರಳು ತೆಗೆದು, ತೀರಾ ನುಣ್ಣಗಿದ್ದರೆ ಸ್ವಲ್ಪ ಸಣ್ಣ ಮರಳು ಬೆರೆಸಿದರೆ ಅದು ಬೆರಳ ಸಂದಿಯಿಂದ ತಡೆಯಿಲ್ಲದೆ ಇಳಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪುಡಿ ಹಿಡಿದು, ನೆಲದಿಂದ ಎರಡು ಬೆರಳಿನಷ್ಟು ಮೇಲೆ ಕೈಯನ್ನು ಒಂದೇ ವೇಗದಲ್ಲಿ ನಡೆಸಬೇಕು.

ಚುಕ್ಕಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 13ರಿಂದ 7ರವರೆಗಿನ ಸಂದು ಚುಕ್ಕಿಯೆಂದರೆ ನಡುವಿನ ಸಾಲಿನಲ್ಲಿ 13 ಚುಕ್ಕಿ ಇಟ್ಟು, ಅದರ ಮೇಲೂ ಕೆಳಗೂ ಚುಕ್ಕಿಗಳ ಸಂದಿಗೆ ಸರಿಯಾಗಿ 12, 11 ಎಂದು ಇಳಿಸುತ್ತ 7ಕ್ಕೆ ನಿಲ್ಲಿಸುವುದು. ಒಟ್ಟು 127 ಚುಕ್ಕಿಗಳಾಗುತ್ತವೆ. ನಾನು ಮದುವೆಯಾಗಿ ಬಂದ ಮೊದಲ ಸಂಕ್ರಾಂತಿಯಲ್ಲಿ ಮೇಲಿನ 7ರ ಸಾಲಿನಿಂದ ಆರಂಭಿಸಿ, ನಡುವಿಗೆ ಬರುವಷ್ಟರಲ್ಲಿ ಸಾಲು ಓರೆಯಾಗಿ, ಕೊನೆಯ ಮೂರು ಚುಕ್ಕಿಗಳಿಗೆ ಚರಂಡಿಯ ಕಲ್ಲು ಅಡ್ಡ ಬಂದಿತ್ತು. ಅತ್ತೆಯವರು ಒಂದು ಮಾತೂ ಆಡದೆ ಅಷ್ಟನ್ನೂ ಪೊರಕೆಯಿಂದ ಗುಡಿಸಿ, ಅಂಗಳದ ನಡುವೆ ಒಂದು ದಾರ ಎಳೆದು ಹಿಡಿದು, ನಡುವಿನ ಸಾಲನ್ನು ನನ್ನ ಕೈಯಿಂದಲೇ ಇಡಿಸಿದರು. ಅಂದಿನಿಂದ ನಾನು ನಡುಸಾಲನ್ನು ಬಿಟ್ಟು ಬೇರೆಲ್ಲಿಂದಲೂ ಆರಂಭಿಸಿಲ್ಲ. ಸಂದು ಚುಕ್ಕಿಯಲ್ಲಿ ಸಾಲುಗಳ ನಡುವಿನ ಅಂತರ ಚುಕ್ಕಿಗಳ ನಡುವಿನ ಅಂತರಕ್ಕಿಂತ ತುಸು ಕಡಿಮೆಯಿರಬೇಕು, ಇಲ್ಲವಾದರೆ ಆರು ದಳದ ಹೂವು ಎಳೆದು ಉದ್ದ ಮಾಡಿದಂತೆ ಕಾಣುತ್ತದೆ. ಚುಕ್ಕಿಗಳನ್ನು ಮುಟ್ಟದೆ ಸುತ್ತಿ ಬರುವ ಎಳೆ ರಂಗೋಲಿಯಲ್ಲಿ ಪುಡಿ ತೀರಿ ಕೈ ಎತ್ತಬೇಕಾದಾಗ ಎರಡು ಎಳೆಗಳು ಹಾಯುವ ಜಾಗದಲ್ಲೇ ಎತ್ತಿರಿ, ಬೆಸುಗೆ ಕಾಣಿಸುವುದಿಲ್ಲ.

ವರಮಹಾಲಕ್ಷ್ಮಿ ಪೂಜೆಗೆ ಮಣೆಯ ಕೆಳಗೆ ಬಿಡಿಸುವ ಅಷ್ಟದಳ ಪದ್ಮಕ್ಕೆ ಅಕ್ಕಿ ಹಿಟ್ಟೇ ಲೇಸು. ಎರಡು ಗಂಟೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳುವಾಗಿಸಿ, ಸಣ್ಣ ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ ಅಂಗೈಯಲ್ಲಿ ಹಿಂಡುತ್ತ ಉಂಗುರದ ಬೆರಳಿನಿಂದ ಎಳೆಯಬೇಕು. ಹಾಕುವಾಗ ಮಾಸಲಾಗಿ ಕಂಡರೂ ಒಣಗಿದ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ. ಸುತ್ತಲೂ ಕೆಮ್ಮಣ್ಣಿನ ಅಂಚು ಕೊಡುವುದನ್ನು ನಾನು ಪಕ್ಕದ ಮನೆಯವರಿಂದ ಕಲಿತೆ. ಕೃಷ್ಣಾಷ್ಟಮಿಯ ಪುಟ್ಟ ಪಾದಗಳಿಗೂ ಇದೇ ಹಿಟ್ಟು ಸಾಕು: ಬಲಮುಷ್ಟಿಯ ಕಿರುಬೆರಳಿನ ಬದಿಯನ್ನು ಅದ್ದಿ ಒತ್ತಿದರೆ ಬಲಪಾದ, ಎಡಮುಷ್ಟಿಯಿಂದ ಎಡಪಾದ, ಮೇಲೆ ಬೆರಳ ತುದಿಯಿಂದ ಐದು ಬೊಟ್ಟು. ಪಾದಗಳು ಹೊಸ್ತಿಲಿನಿಂದ ದೇವರ ಕೋಣೆಯತ್ತ ಮುಖ ಮಾಡಿರಬೇಕು. ಅವಸರದಲ್ಲಿ ತಿರುಗಿಸಿ ಒತ್ತಿ, ಕೃಷ್ಣನನ್ನು ಹೊರಗೆ ಕಳುಹಿಸಿದವರನ್ನೂ ನಾನು ಕಂಡಿದ್ದೇನೆ.

ರಥಸಪ್ತಮಿಯ ತೇರಿಗೆ ಮೊದಲು ಚಕ್ರಗಳನ್ನು ಬಿಡಿಸಿ ಆಮೇಲೆ ಮೇಲಕ್ಕೆ ಏರಿದರೆ ಅಳತೆ ತಪ್ಪುವುದಿಲ್ಲ, ಹಗ್ಗಕ್ಕೂ ಜಾಗ ಉಳಿಯುತ್ತದೆ. ಬಣ್ಣ ತುಂಬುವುದಾದರೆ ಒಳಗಿನಿಂದ ಹೊರಕ್ಕೆ ತುಂಬಿ, ಬಿಳಿಯ ಎಳೆಯನ್ನು ಕೊನೆಯಲ್ಲಿ ಮತ್ತೊಮ್ಮೆ ತಿದ್ದಿರಿ. ಮರುದಿನ ಬೆಳಿಗ್ಗೆ ಅದರ ಮೇಲೆ ನೇರವಾಗಿ ನೀರು ಸುರಿಯಬೇಡಿ, ಸಿಮೆಂಟಿಗೆ ಬಣ್ಣ ಇಳಿದು ಕಲೆಯಾಗುತ್ತದೆ. ಮೊದಲು ಒಣ ಪೊರಕೆಯಿಂದ ಬಣ್ಣವನ್ನೆಲ್ಲ ಗುಡಿಸಿ ತೆಗೆದು, ನಂತರ ಬಾಗಿಲಿಗೆ ನೀರು ಹಾಕಿರಿ.