ಹೊಸತೊಡಕಿನವರೆಗೆ 10 ಹುಂಜ ಒಂದೇ ಅಂಗಳದಲ್ಲಿ

ನಾಟಿ ಹುಂಜಕ್ಕೆ ಒಳ್ಳೆ ಬೆಲೆ ಸಿಗುವುದು ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ. ಚೌತಿ ಕಳೆದ ಮೇಲೆ ಒಡೆದ ಮರಿಗಳು ಆ ಹೊತ್ತಿಗೆ ಆರು ತಿಂಗಳು ದಾಟಿರುತ್ತವೆ. ಕಷ್ಟ ಇರುವುದು ಸಂಕ್ರಾಂತಿಯಿಂದ ಯುಗಾದಿವರೆಗೆ. ಹುಂಜಗಳಿಗೆ ಪ್ರಾಯ ಬರುವುದು ಆಗಲೇ.

ಮೊದಲ ವರ್ಷ 9 ಹುಂಜಗಳನ್ನು ಹೇಂಟೆಗಳ ಜೊತೆಯಲ್ಲೇ ಬಿಟ್ಟಿದ್ದೆ. ದಿನಾ ಕಾಳಗ, ಜುಟ್ಟೆಲ್ಲಾ ರಕ್ತ. ಒಂದು ಹುಂಜದ ಕಣ್ಣೇ ಹೋಯಿತು. ಹೇಂಟೆಗಳ ಬೆನ್ನ ಮೇಲೆ ಪುಕ್ಕ ಉಳಿಯಲಿಲ್ಲ. 8-10 ಹೇಂಟೆಗೆ ಒಂದು ಹುಂಜ ಸಾಕು, ನನ್ನಲ್ಲಿ ಎರಡು ಹೇಂಟೆಗೆ ಒಂದಿತ್ತು. ಪಕ್ಕದ ತೋಟದ ಅಜ್ಜಿ ನೋಡಿ, "ಹೇಂಟೆ ಕಣ್ಣಿಗೆ ಬಿದ್ರೆ ಹುಂಜಕ್ಕೆ ಅಣ್ಣ ತಮ್ಮ ಅಂತ ಇರಲ್ಲ ಮಗ, ಬೇರೆ ಹಾಕು" ಅಂದರು.

ಮುಂದಿನ ವರ್ಷ ಹಾಗೇ ಮಾಡಿದೆ. ಒಟ್ಟಿಗೆ ಬೆಳೆದ 12 ಹುಂಜಗಳನ್ನು ನಾಲ್ಕು ತಿಂಗಳು ತುಂಬುವ ಮೊದಲೇ, ಒಂದೇ ದಿನ, ಮನೆ ಹಿಂದಿನ 20 ಅಡಿಗೆ 25 ಅಡಿ ಅಂಗಳಕ್ಕೆ ಸಾಗಿಸಿದೆ. ಹೇಂಟೆಗಳ ಕಡೆಗಿದ್ದ ಜಾಲರಿಗೆ ತೆಂಗಿನ ಗರಿ ಹೆಣೆದು ಕಟ್ಟಿದೆ. ಮೇವಿನ ತಟ್ಟೆ ನಾಲ್ಕು ಮೂಲೆಗೆ ನಾಲ್ಕು, ನೀರು ಎರಡು ಕಡೆ. ನಡುವೆ ಅಲ್ಲಲ್ಲಿ ಗರಿಗಳನ್ನು ಒರಗಿಸಿಟ್ಟೆ. ಸೋತ ಹುಂಜ ಅದರ ಹಿಂದೆ ಹೋದರೆ ಗೆದ್ದದ್ದು ಅಟ್ಟಿಸಿಕೊಂಡು ಹೋಗುವುದಿಲ್ಲ, ಮರೆತುಬಿಡುತ್ತದೆ. ಕೂರುವ ಗಳಗಳನ್ನೆಲ್ಲಾ ಒಂದೇ ಎತ್ತರಕ್ಕೆ ಕಟ್ಟಿದೆ, ಇಲ್ಲದಿದ್ದರೆ ಮೇಲಿನದಕ್ಕೇ ಜಗಳ.

ಜಗಳ ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಕುತ್ತಿಗೆ ಪುಕ್ಕ ಅರಳಿಸಿ ಎರಡು ಸಲ ಹಾರುತ್ತವೆ, ಒಂದು ಮುಖ ತಿರುಗಿಸುತ್ತದೆ, ಅಲ್ಲಿಗೆ ಮುಗಿಯಿತು. ಅದನ್ನು ಬಿಡಿಸಬಾರದು. ಯಾರು ದೊಡ್ಡವರು ಅನ್ನುವುದು ತೀರ್ಮಾನ ಆಗದೆ ಉಳಿದರೆ ನಾಳೆ ಮತ್ತೆ ಶುರು. ಸೋತು ಮೂಲೆ ಸೇರಿದ್ದನ್ನೂ ಬಿಡದೆ ತಲೆಗೆ ಕುಕ್ಕುತ್ತಿದ್ದರೆ ಮಾತ್ರ ತಕ್ಷಣ ಬೇರೆ ಮಾಡಬೇಕು. ನನ್ನಲ್ಲಿ ಕಾಳಗದ ತಳಿ ಅಸೀಲ್ ಬೆರೆತ ಎರಡು ಹಾಗಿದ್ದವು. ಅವು ಯಾವ ಉಪಾಯಕ್ಕೂ ಬಗ್ಗಲಿಲ್ಲ, ಬೇಗನೆ ಮಾರಿದೆ. ಅಸೀಲ್ ಹುಂಜಗಳನ್ನು ಒಟ್ಟಿಗೆ ಸಾಕುವ ಆಸೆ ಬೇಡ.

ನನಗೆ ನೋವು ಕೊಟ್ಟ ತಪ್ಪು ಬೇರೆ. ಕುಂಟುತ್ತಿದ್ದ ಒಂದನ್ನು ಹತ್ತು ದಿನ ಮನೆಯೊಳಗೆ ಇಟ್ಟುಕೊಂಡು ಆರೈಕೆ ಮಾಡಿ, ಮಟಮಟ ಮಧ್ಯಾಹ್ನ ವಾಪಸ್ ಬಿಟ್ಟೆ. ಜೊತೆಯಲ್ಲೇ ಹುಟ್ಟಿದವು ಹೊಸಬನ ಮೇಲೆ ಬೀಳುವಂತೆ ಬಿದ್ದವು. ನಾನು ಓಡಿ ಎತ್ತಿಕೊಳ್ಳುವಷ್ಟರಲ್ಲಿ ತಲೆಯೆಲ್ಲಾ ರಕ್ತ. ಕೆಂಪು ಕಂಡರೆ ಉಳಿದವೂ ಕುಕ್ಕಲು ಬರುತ್ತವೆ. ಗಾಯ ತೊಳೆದು ಅರಿಶಿನ ಹಚ್ಚಿ, ಈ ಸಲ ಮನೆಯೊಳಗೆ ಒಯ್ಯದೆ ಅಂಗಳದಲ್ಲೇ ತಂತಿ ಪಂಜರದಲ್ಲಿಟ್ಟೆ. ಎಲ್ಲವೂ ಒಂದನ್ನೊಂದು ನೋಡುತ್ತಾ ಮೇಯುತ್ತಿದ್ದವು. ಗಾಯ ಪೂರ್ತಿ ಒಣಗಿದ ಮೇಲೆ, ಕತ್ತಲಾಗಿ ಎಲ್ಲಾ ಗಳ ಏರಿದಾಗ ಸುಮ್ನೆ ಪಕ್ಕದಲ್ಲಿ ಕೂರಿಸಿದೆ. ಬೆಳಗ್ಗೆ ಐದಕ್ಕೇ ಹೋಗಿ ಕಾದು ನಿಂತೆ. ಸ್ವಲ್ಪ ಗುರಾಯಿಸಿದವು, ಆಮೇಲೆ ರಾಗಿಗೆ ಬಾಯಿ ಹಾಕಿದವು.

ಉಳಿದ ಹತ್ತೂ ಹೊಸತೊಡಕಿನವರೆಗೆ ಒಂದೇ ಅಂಗಳದಲ್ಲಿದ್ದವು. ಈಗ ಚಿಕ್ಕ ಮರಿಗಳ ಇನ್ನೊಂದು ಗುಂಪು ಬೆಳೆಯುತ್ತಿದೆ. ದೊಡ್ಡ ಹುಂಜಗಳ ನಡುವೆ ಅವನ್ನು ಬಿಡುವುದಿಲ್ಲ, ಪಕ್ಕದಲ್ಲೇ ಇನ್ನೊಂದು ಬೇಲಿ ಹಾಕುತ್ತಿದ್ದೇನೆ.