ಚಳಿಗಾಲದ ಟೈರ್ ಹಾಕಿದ ಮೇಲೆ ಸ್ಟಿಯರಿಂಗ್ ನಡುಗುತ್ತಿದ್ದರೆ

ಜರ್ಮನಿಯಲ್ಲಿ ನಮ್ಮ ಗಾಲ್ಫ್ 7 ಕಾರಿನ ಬೇಸಿಗೆಯ 225/45 ಆರ್17 ಟೈರುಗಳನ್ನು ತೆಗೆದು, ಸುತ್ತಳತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುವ 205/55 ಆರ್16 ಅಳತೆಯ ಚಳಿಗಾಲದ ಟೈರುಗಳನ್ನು ಬೇರೆ ಅಲಾಯ್ ಚಕ್ರಗಳೊಂದಿಗೆ ಹಾಕಿದಂದಿನಿಂದ, ವೇಗ ಗಂಟೆಗೆ 100 ಕಿ.ಮೀ. ದಾಟಿದೊಡನೆ ಸ್ಟಿಯರಿಂಗ್ ನಡುಗುತ್ತಿತ್ತು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಗಾಳಿಯ ಒತ್ತಡದ ಬದಲಾವಣೆ ಯಾವುದೂ ಫಲ ನೀಡಲಿಲ್ಲ.

ಕಾರಣವಿದ್ದದ್ದು ಚಕ್ರದ ನಡುರಂಧ್ರದಲ್ಲಿ. ಕಾರಿನ ಹಬ್ (ಚಕ್ರ ಕೂರುವ ನಡುಭಾಗ) 57.1 ಮಿ.ಮೀ., ಚಕ್ರದ ರಂಧ್ರ 66.6 ಮಿ.ಮೀ.; ಬೋಲ್ಟುಗಳ ಅಳತೆ 5×112 (112 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟು) ಎಂಬುದನ್ನಷ್ಟೇ ನೋಡಿದರೆ ಈ ವ್ಯತ್ಯಾಸ ಕಣ್ತಪ್ಪುತ್ತದೆ. ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಆ ಅಂತರವನ್ನು ತುಂಬಿ ಚಕ್ರವನ್ನು ಸರಿಯಾಗಿ ನಡುವಿಗೆ ಕೂರಿಸುವ 66.6–57.1 ಅಳತೆಯ ಸೆಂಟರಿಂಗ್ ರಿಂಗನ್ನು ಚಕ್ರದೊಳಗೆ ಕೂರಿಸಿ, ಕಾರು ಜಾಕಿನ ಮೇಲಿರುವಾಗಲೇ ಬೋಲ್ಟುಗಳನ್ನು ಒಂದು ಬಿಟ್ಟು ಒಂದರಂತೆ ಕೈಯಿಂದ ತಿರುಗಿಸಿ, ನೆಲಕ್ಕಿಳಿಸಿದ ಬಳಿಕ ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿದಾಗ ನಡುಕ ಪೂರ್ತಿ ನಿಂತಿತು. 50 ಕಿ.ಮೀ. ಓಡಿಸಿ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಟೈರು ಕೊಳ್ಳುವವರು ಪರ್ವತದೊಳಗೆ ಹಿಮಹರಳಿರುವ ಗುರುತನ್ನೂ ನೋಡಿಕೊಳ್ಳಲಿ; 2024ರ ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಚಳಿಗಾಲದ ಟೈರಿನ ಮೇಲೆ ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಎಂದಿದ್ದರೆ ಸಾಲದು.